ಗಣಕಯಂತ್ರದ ಜಲಶೀತನ: ವಾಟರ್ ಬ್ಲಾಕುಗಳ ಆಯ್ಕೆಯನ್ನು ಕುರಿತು

ಇತಿಹಾಸ ವಿಭಾಗದ ವಾರ್ಷಿಕ ಸಂಶೋಧನ ಪತ್ರಿಕೆಯಲ್ಲಿ ಗಣಕಯಂತ್ರವನ್ನು ತಣ್ಣಗಿಡುವ ತಾಮ್ರದ ತುಂಡೊಂದನ್ನು ಕುರಿತು ಲೇಖನವೇಕೆಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ನಮ್ಮ ಉತ್ತರ ಇಷ್ಟು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಮೈಸೂರು ಜಿಲ್ಲೆಯ ಸಂಪುಟವನ್ನು ೧೮೯೪ರಲ್ಲಿ ಹೊರತಂದ ಕಾಲಕ್ಕೆ ಶಾಸನವೊಂದರ ಪ್ರತಿಯೆಂದರೆ ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಬಡಿದು ಮಸಿ ಹಚ್ಚಿ ತೆಗೆದ ಅಚ್ಚು. ಇಂದು ಅದರ ಜೊತೆಗೆ ಇನ್ನೊಂದು ಮಾರ್ಗವೂ ಬಂದಿದೆ. ಒಂದೇ ವೀರಗಲ್ಲನ್ನು ನಾಲ್ಕೂ ದಿಕ್ಕಿನಿಂದ ನೂರಾರು ಛಾಯಾಚಿತ್ರಗಳಲ್ಲಿ ಹಿಡಿದು, ಅವುಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ, ಅದು ಚಿತ್ರಚಿತ್ರಗಳ ನಡುವೆ ಹೋಲುವ ಬಿಂದುಗಳನ್ನು ಹುಡುಕಿ ಕಲ್ಲಿನ ತ್ರಿವಿಮ ರೂಪವನ್ನು ಕಟ್ಟಿಕೊಡುತ್ತದೆ. ಬರಿಗಣ್ಣಿಗೆ ಕಾಣದ ಸವೆದ ಅಕ್ಷರಗಳು ಓರೆಬೆಳಕಿನಲ್ಲಿ ಮೂಡುವಂತೆ ಅಲ್ಲಿ ಮೂಡುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ೨೦೨೧ರಲ್ಲಿ ಕೈಗೊಂಡ ಶಾಸನಗಳ ತ್ರಿವಿಮ ಸಂರಕ್ಷಣ ಕಾರ್ಯವು ಈ ಬಗೆಯ ದಾಖಲೆಯ ಬೆಲೆಯನ್ನು ನಾಡಿಗೆ ತೋರಿಸಿಕೊಟ್ಟಿತು. ಏಕೆಂದರೆ ಹಿಂದಿನವರು ಪಟ್ಟಿಮಾಡಿದ ಕಲ್ಲುಗಳಲ್ಲಿ ಹಲವು ರಸ್ತೆಗೂ ಕಟ್ಟಡಕ್ಕೂ ಬಲಿಯಾಗಿ ಈಗ ಹುಡುಕಿದರೂ ಸಿಗುವುದಿಲ್ಲ.

ಈ ಕೆಲಸವನ್ನು ಒಬ್ಬ ಅಧ್ಯಾಪಕನೋ ಸಂಶೋಧನ ವಿದ್ಯಾರ್ಥಿಯೋ ತನ್ನ ಮನೆಯ ಮೇಜಿನ ಮೇಲಿರುವ ಯಂತ್ರದಲ್ಲಿ ಮಾಡಲು ಹೊರಟಾಗ ಶಾಖದ ಪ್ರಶ್ನೆ ಏಳುತ್ತದೆ. ಮೆಟಾಶೇಪ್, ಮೆಶ್‌ರೂಮ್ ಮುಂತಾದ ತಂತ್ರಾಂಶಗಳು ಯಂತ್ರದ ಮುಖ್ಯ ಸಂಸ್ಕಾರಕವನ್ನೂ ಚಿತ್ರಸಂಸ್ಕಾರಕವನ್ನೂ, ಎಂದರೆ ಗ್ರಾಫಿಕ್ಸ್ ಕಾರ್ಡನ್ನೂ, ಗಂಟೆಗಟ್ಟಲೆ ಪೂರ್ಣಶಕ್ತಿಯಲ್ಲಿ ದುಡಿಸುತ್ತವೆ. ಪತ್ರ ಬರೆಯುವಾಗ ಸುಮ್ಮನಿರುವ ಯಂತ್ರ ಆಗ ಸಣ್ಣದೊಂದು ಒಲೆಯಾಗುತ್ತದೆ. ನಮ್ಮ ವಾಸ ಮೈಸೂರಿನ ದಟ್ಟಗಳ್ಳಿಯಲ್ಲಿ. ಏಪ್ರಿಲ್ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನದ ಉಷ್ಣತೆ ೩೪-೩೫ ಡಿಗ್ರಿಯನ್ನು ಮುಟ್ಟುವುದು ವಾಡಿಕೆ. ತಾರಸಿಯ ಕೆಳಗಿನ ಕೋಣೆಯಲ್ಲಿ ರಾತ್ರಿಯೂ ಬಿಸಿ ಇಳಿಯುವುದಿಲ್ಲ. ಇಂತಹ ಕೋಣೆಯಲ್ಲಿ ರಾತ್ರಿಯಿಡೀ ನಡೆಯಬೇಕಾದ ಲೆಕ್ಕ, ಯಂತ್ರವು ಕಾದು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡರೆ ಮರುದಿನ ಮಧ್ಯಾಹ್ನಕ್ಕೂ ಮುಗಿಯದು. ಮಿತಿಮೀರಿ ಕಾದರೆ ಯಂತ್ರ ನಿಂತೇ ಹೋಗುವುದೂ ಉಂಟು. ಆಗ ಅಷ್ಟು ಹೊತ್ತಿನ ಶ್ರಮ ವ್ಯರ್ಥ. ಆದಕಾರಣ ನೀರಿನಿಂದ ತಣಿಸುವ ಉಪಾಯವನ್ನು, ಅದರಲ್ಲಿಯೂ ಅದರ ಹೃದಯದಂತಿರುವ ವಾಟರ್ ಬ್ಲಾಕಿನ ಆಯ್ಕೆಯನ್ನು, ಇಲ್ಲಿ ಸ್ವಲ್ಪ ವಿವರವಾಗಿ ವಿಚಾರಿಸಿದ್ದೇವೆ. ವಾಟರ್ ಬ್ಲಾಕಿಗೆ ಕನ್ನಡದಲ್ಲಿ 'ಜಲಫಲಕ' ಎಂದು ಹೆಸರಿಡಬಹುದಾಗಿತ್ತು. ಆದರೆ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ವಸ್ತು ದೊರೆಯದು. ಬಳಕೆಯ ಮಾತನ್ನೇ ಉಳಿಸಿಕೊಂಡಿದ್ದೇವೆ.

ಮೊದಲು ನೀರೇ ಏಕೆಂಬುದನ್ನು ನೋಡಬೇಕು. ಒಂದು ಘನ ಮೀಟರು ಗಾಳಿಯನ್ನು ಒಂದು ಡಿಗ್ರಿಯಷ್ಟು ಕಾಯಿಸಲು ಬೇಕಾಗುವ ಶಾಖಕ್ಕಿಂತ ಅಷ್ಟೇ ಗಾತ್ರದ ನೀರನ್ನು ಕಾಯಿಸಲು ಬೇಕಾಗುವ ಶಾಖ ಸುಮಾರು ೩,೫೦೦ ಪಾಲು ಹೆಚ್ಚು. ಶಾಖವನ್ನು ತನ್ನ ಮೈಯಲ್ಲಿ ಸಾಗಿಸುವ ಶಕ್ತಿಯಲ್ಲಿಯೂ ನೀರು ಗಾಳಿಗಿಂತ ಇಪ್ಪತ್ತು ಪಾಲಿಗೂ ಮಿಗಿಲು. ಮೈಸೂರು ಸಮುದ್ರಮಟ್ಟದಿಂದ ಸುಮಾರು ೭೫೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇಕಡ ೮ರಷ್ಟು ತೆಳು. ಒಂದೇ ಫ್ಯಾನು ಮಂಗಳೂರಿನಲ್ಲಿ ಹೊರುವಷ್ಟು ಶಾಖವನ್ನು ಇಲ್ಲಿ ಹೊರದು. ಇದು ದೊಡ್ಡ ವ್ಯತ್ಯಾಸವಲ್ಲವಾದರೂ ಗಮನದಲ್ಲಿರಬೇಕು.

ಆದರೆ ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ನಿವಾರಿಸುವುದು ಅಗತ್ಯ. ನೀರು ಶಾಖವನ್ನು ನಾಶಮಾಡುವುದಿಲ್ಲ. ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತು ಹಾಕುತ್ತದೆ, ಅಷ್ಟೆ. ಬ್ಲಾಕಿನಲ್ಲಿ ಕಾದ ನೀರು ಕೊಳವೆಯ ಮೂಲಕ ರೇಡಿಯೇಟರಿಗೆ ಬಂದು, ಅಲ್ಲಿ ಫ್ಯಾನಿನ ಗಾಳಿಗೆ ತನ್ನ ಹೊರೆಯನ್ನು ಇಳಿಸಿ ಪಂಪಿನ ಮೂಲಕ ಮತ್ತೆ ಬ್ಲಾಕಿಗೆ ಹೋಗುತ್ತದೆ. ನಮ್ಮ ಮನೆಗಳ ಮಣ್ಣಿನ ಗಡಿಗೆಯಲ್ಲಿ ನೀರು ಕೋಣೆಯ ಗಾಳಿಗಿಂತಲೂ ತಣ್ಣಗಾಗುವುದು ಗಡಿಗೆಯ ಮೈಯಿಂದ ನೀರು ಜಿನುಗಿ ಆವಿಯಾಗುವುದರಿಂದ. ಗಣಕಯಂತ್ರದ ಜಲಮಂಡಲವಾದರೋ ಮುಚ್ಚಿದ ಮಂಡಲ; ಅಲ್ಲಿ ಆವಿಯಾಗುವ ಮಾತಿಲ್ಲ. ಆದ್ದರಿಂದ ಅದರ ನೀರು ಎಷ್ಟೇ ಬೆಲೆಯ ಬ್ಲಾಕನ್ನು ಹಾಕಿದರೂ ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಯಲಾರದು. ಕೋಣೆ ೩೨ ಡಿಗ್ರಿಯಿದ್ದರೆ ಹೊರೆ ಬಿದ್ದಾಗ ನೀರು ೪೨ರಿಂದ ೪೫ ಡಿಗ್ರಿಯವರೆಗೆ ಇರುವುದು ಸಾಧಾರಣ. ಇದರಿಂದ ಒಂದು ಲಾಭವೂ ಉಂಟು: ಸುತ್ತಣ ಗಾಳಿಗಿಂತ ಬೆಚ್ಚಗಿರುವ ಕೊಳವೆಯ ಮೇಲೆ ಇಬ್ಬನಿ ಕಟ್ಟುವ ಭಯವಿಲ್ಲ.

ಗಣಕಯಂತ್ರಕ್ಕೂ ನೀರಿಗೂ ಇರುವ ನಂಟು ಹೊಸದೆಂದು ಭಾವಿಸುವವರು ಬಹಳ ಮಂದಿ. ವಾಸ್ತವವಾಗಿ ಅದು ಮೇಜಿನ ಗಣಕಯಂತ್ರಕ್ಕಿಂತಲೂ ಹಳೆಯದು. ೧೯೬೦ರ ದಶಕದಲ್ಲಿಯೇ ಐಬಿಎಂ ಸಂಸ್ಥೆ ತನ್ನ ಸಿಸ್ಟಂ ೩೬೦ ಮಾಲೆಯ ಅತಿ ದೊಡ್ಡ ಯಂತ್ರಗಳಿಗೆ ನೀರನ್ನು ಹರಿಸಿತ್ತು. ೧೯೮೦ರಲ್ಲಿ ಪ್ರಕಟವಾದ ಅದರ ೩೦೮೧ ಯಂತ್ರದಲ್ಲಿ ನೂರಕ್ಕೂ ಮಿಕ್ಕ ಚಿಪ್ಪುಗಳನ್ನು ಒಂದೇ ಹಲಗೆಯ ಮೇಲೆ ಕೂರಿಸಿ, ಪ್ರತಿಯೊಂದರ ಬೆನ್ನಿಗೂ ಸ್ಪ್ರಿಂಗಿನ ಒತ್ತಡದಲ್ಲಿರುವ ಲೋಹದ ಗುಂಡನ್ನು ತಾಗಿಸಿ, ನಡುವಣ ಸಂದಿಗೆ ಹೀಲಿಯಂ ಅನಿಲವನ್ನು ತುಂಬಿ, ಇದೆಲ್ಲದರ ಮೇಲೆ ನೀರು ಹರಿಯುವ ತಣ್ಣನೆಯ ಫಲಕವನ್ನು ಮುಚ್ಚಿದ್ದರು. ಮರುವರ್ಷ, ಎಂದರೆ ೧೯೮೧ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟಕರ್‌ಮನ್ ಮತ್ತು ಪೀಸ್ ಎಂಬುವರು ಸಿಲಿಕಾನಿನಲ್ಲಿ ಕೂದಲೆಳೆಯಷ್ಟು ಕಿರಿದಾದ, ಸುಮಾರು ೫೦ ಮೈಕ್ರಾನು ಅಗಲದ, ಕಾಲುವೆಗಳನ್ನು ಕೊರೆದು ಅವುಗಳಲ್ಲಿ ನೀರನ್ನು ಹರಿಸಿ, ಒಂದು ಚದರ ಸೆಂಟಿಮೀಟರಿನಿಂದ ೭೯೦ ವಾಟ್ ಶಾಖವನ್ನು ತೆಗೆಯಬಹುದೆಂದು ತೋರಿಸಿದರು. ಇಂದು ಮಾರುಕಟ್ಟೆಯಲ್ಲಿ ಸಿಗುವ ಪ್ರತಿಯೊಂದು ಬ್ಲಾಕಿನ ಒಡಲಲ್ಲಿರುವುದೂ ಈ ತತ್ತ್ವವೇ.

೧೯೯೦ರ ದಶಕದ ನಡುವೆ ಸೀಮಾಸ್ ಎಂಬ, ಕಡಿಮೆ ವಿದ್ಯುತ್ತನ್ನು ಬೇಡುವ ಚಿಪ್ಪಿನ ಪದ್ಧತಿ ದೊಡ್ಡ ಯಂತ್ರಗಳಿಗೂ ಬಂದಿತು, ನೀರು ನಿವೃತ್ತವಾಯಿತು. ಬಳಿಕ ಹತ್ತು ಹದಿನೈದು ವರ್ಷಗಳಲ್ಲಿ ಆ ಹೊಸ ಚಿಪ್ಪುಗಳೂ ಹಳೆಯವುಗಳಷ್ಟೇ ಕಾಯತೊಡಗಿ ನೀರು ಹಿಂತಿರುಗಿತು. ೨೦೦೪ರಲ್ಲಿ ಆಪಲ್ ಸಂಸ್ಥೆ ಪವರ್ ಮ್ಯಾಕ್ ಜಿ೫ ಎಂಬ ಮೇಜಿನ ಯಂತ್ರಕ್ಕೇ ದ್ರವಶೀತನವನ್ನು ಅಳವಡಿಸಿತು; ಅವುಗಳಲ್ಲಿ ಕೆಲವು ಕಾಲಾನಂತರದಲ್ಲಿ ಸೋರಿದುದೂ ಪ್ರಸಿದ್ಧವಾಗಿದೆ. ನಮ್ಮ ನಾಡಿನ ನಿದರ್ಶನ ಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೨೨ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಎಂಬ ಮಹಾಗಣಕವನ್ನು ನೋಡಬಹುದು. ೩.೩ ಪೆಟಾಫ್ಲಾಪ್ ಸಾಮರ್ಥ್ಯದ ಆ ಯಂತ್ರದ ಸಂಸ್ಕಾರಕಗಳ ಬೆನ್ನಿಗೇ ದ್ರವ ಹರಿಯುವ ಫಲಕಗಳು ಅಂಟಿಕೊಂಡಿವೆ. ಅಂತಹ ಯಂತ್ರಗಳಿಗೆ ಹಿಮದಂತಹ ನೀರು ಬೇಕಾಗಿಲ್ಲ, ಬೆಚ್ಚನೆಯ ನೀರೇ ಸಾಲುತ್ತದೆ ಎಂಬುದು ದಟ್ಟಗಳ್ಳಿಯ ಬೇಸಗೆಯಲ್ಲಿ ಕುಳಿತವರಿಗೆ ಧೈರ್ಯ ಕೊಡುವ ಸಂಗತಿ.

ಇನ್ನು ಬ್ಲಾಕಿನ ರಚನೆ. ಅದರ ತಳದಲ್ಲಿ ತಾಮ್ರದ ಒಂದು ಹಲಗೆ. ಹಲಗೆಯ ಕೆಳಮುಖ ಚಿಪ್ಪಿಗೆ ತಾಗುವಂತೆ ನುಣುಪಾಗಿದ್ದರೆ, ಮೇಲ್ಮುಖದಲ್ಲಿ ಲೋಹವನ್ನೇ ಹೆರೆದು ಎಬ್ಬಿಸಿದ ಸಣ್ಣ ಸಣ್ಣ ಎಸಳುಗಳು ಸಾಲುಗಟ್ಟಿ ನಿಂತಿರುತ್ತವೆ. ಎಸಳೆಸಳುಗಳ ನಡುವಣ ಸಂದಿಯೇ ಕಾಲುವೆ. ಎಸಳುಗಳ ಮೇಲೆ ನಡುವೆ ಸೀಳಿರುವ ಒಂದು ತೆಳು ತಗಡು. ಒಳಬಂದ ನೀರು ಆ ಸೀಳಿನಿಂದ ನೇರವಾಗಿ ಎಸಳುಗಳ ಮಧ್ಯಕ್ಕೆ ಧುಮುಕಿ ಎರಡು ಪಕ್ಕಕ್ಕೂ ಹಂಚಿ ಹರಿಯುತ್ತದೆ. ಕೆರೆಯ ತೂಬನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಬಡಾವಣೆಯ ಮಗ್ಗುಲಲ್ಲಿಯೇ, ಮುಮ್ಮಡಿ ಕೃಷ್ಣರಾಜ ಒಡೆಯರು ೧೮೨೮ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಲಿಂಗಾಂಬುಧಿ ಕೆರೆಯಿದೆ. ಕೆರೆ ಎಷ್ಟು ದೊಡ್ಡದಾದರೇನು, ಗದ್ದೆಗೆ ಬೀಳುವ ನೀರು ತೂಬಿನ ಕಿಂಡಿಯನ್ನು ಅವಲಂಬಿಸಿದೆ. ಕಿಂಡಿಗೆ ಹೂಳು ಕಟ್ಟಿತೋ ಕೆರೆ ತುಂಬಿದ್ದರೂ ಗದ್ದೆ ಒಣಗುತ್ತದೆ. ಬ್ಲಾಕಿನ ಸೀಳೂ ಹಾಗೆಯೇ. ಆ ಕಾರಣದಿಂದ ನೀರು ಒಳಬರುವ ಬಾಯಿ, ಹೊರಹೋಗುವ ಬಾಯಿ ಇವೆರಡನ್ನು ಅದಲುಬದಲು ಮಾಡಬಾರದು. ಸೀಳಿನ ಮೂಲಕ ನೀರು ಬೀಳದೆ ಪಕ್ಕದಿಂದ ನುಗ್ಗಿದರೆ ರಚನೆಯ ಉದ್ದೇಶವೇ ಕೆಡುತ್ತದೆ.

ಎಸಳುಗಳು ಕಿರಿದಾದಷ್ಟೂ ಲೋಹವು ನೀರಿಗೆ ಒಡ್ಡುವ ಮೈ ಹೆಚ್ಚುತ್ತದೆ. ನೀರು ಹರಿಯಲು ಅಡ್ಡಿಯೂ ಹೆಚ್ಚುತ್ತದೆ. ಮಾರಾಟಗಾರರು ಎಸಳುಗಳ ಸಂಖ್ಯೆಯನ್ನು ಬಹಳವಾಗಿ ಹೊಗಳುವುದುಂಟು. ದುರ್ಬಲವಾದ ಪಂಪನ್ನು ಇಟ್ಟುಕೊಂಡು ಅತಿ ಕಿರಿದಾದ ಕಾಲುವೆಗಳ ಬ್ಲಾಕನ್ನು ಕೊಂಡರೆ ಹೊಗಳಿಕೆ ಮಾತ್ರ ಉಳಿಯುತ್ತದೆ. ಹರಿವು ಮಿತವಾಗಿದ್ದರೆ ಸಾಕು. ನಿಮಿಷಕ್ಕೆ ನಾಲ್ಕು ಲೀಟರು ನೀರು ಹರಿಯುತ್ತಿದೆಯೆಂದು ಇಟ್ಟುಕೊಳ್ಳೋಣ. ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಆಗ ಸುಮಾರು ೨೮೦ ವಾಟ್ ಬೇಕು. ಇಡೀ ಯಂತ್ರ ೭೦೦ ವಾಟ್ ಶಾಖವನ್ನು ಸುರಿದರೂ ಮಂಡಲದ ಅತಿ ಬಿಸಿಯಾದ ತಾಣಕ್ಕೂ ಅತಿ ತಂಪಾದ ತಾಣಕ್ಕೂ ಇರುವ ಅಂತರ ಎರಡೂವರೆ ಡಿಗ್ರಿ ಮಾತ್ರ. ಹೀಗಿರುವಾಗ ಯಾವ ಬ್ಲಾಕಿಗೆ ನೀರು ಮೊದಲು ಬರಬೇಕು, ಯಾವುದಕ್ಕೆ ಆಮೇಲೆ ಎಂಬ ಚರ್ಚೆಗೆ ಹೆಚ್ಚು ಅರ್ಥವಿಲ್ಲ. ಕೊಳವೆಗಳು ಎಲ್ಲಿ ಸರಾಗವಾಗಿ ಬಾಗುತ್ತವೆಯೋ ಅದೇ ಸರಿಯಾದ ಕ್ರಮ.

ಲೋಹದ ಆಯ್ಕೆಯಲ್ಲಿ ಮಾತ್ರ ಉಪೇಕ್ಷೆ ಸಲ್ಲದು. ತಾಮ್ರದ ಉಷ್ಣವಾಹಕತೆ ಮೀಟರು-ಡಿಗ್ರಿಗೆ ಸುಮಾರು ೪೦೦ ವಾಟ್. ಶುದ್ಧ ಅಲ್ಯೂಮಿನಿಯಂನದು ೨೩೫ರ ಆಸುಪಾಸು, ಬಳಕೆಯ ಮಿಶ್ರಲೋಹಗಳದು ಇನ್ನೂ ಕಡಿಮೆ. ಆದರೆ ನಮ್ಮ ಆಕ್ಷೇಪ ಇರುವುದು ಅಲ್ಯೂಮಿನಿಯಂನ ವಾಹಕತೆಯನ್ನು ಕುರಿತಲ್ಲ. ಒಂದೇ ನೀರಿನಲ್ಲಿ ತಾಮ್ರವೂ ಅಲ್ಯೂಮಿನಿಯಂವೂ ಇದ್ದರೆ, ಅವೆರಡೂ ಲೋಹದ ಪೆಟ್ಟಿಗೆಯ ಮೂಲಕವೋ ಜೋಡಣೆಗಳ ಮೂಲಕವೋ ಒಂದನ್ನೊಂದು ಮುಟ್ಟಿದರೆ, ಅಲ್ಲಿ ಒಂದು ವಿದ್ಯುತ್ಕೋಶವೇ ಸಿದ್ಧವಾಗುತ್ತದೆ. ರಸಾಯನಶಾಸ್ತ್ರದ ಕೋಷ್ಟಕದಲ್ಲಿ ತಾಮ್ರದ ಸ್ಥಾನ +೦.೩೪ ವೋಲ್ಟ್, ಅಲ್ಯೂಮಿನಿಯಂನದು -೧.೬೬ ವೋಲ್ಟ್. ಇಷ್ಟು ಅಂತರವಿರುವಲ್ಲಿ ಅಲ್ಯೂಮಿನಿಯಂ ಕರಗುತ್ತ ಹೋಗುವುದು ಖಂಡಿತ. ಕರಗಿದ ಲೋಹ ಬಿಳಿಯ ಗಸಿಯಾಗಿ ಎಸಳುಗಳ ನಡುವೆ ಕೂರುತ್ತದೆ. ಅಗ್ಗದ ರೇಡಿಯೇಟರುಗಳಲ್ಲಿ ಅಲ್ಯೂಮಿನಿಯಂ ಇರುವುದು ಸಾಮಾನ್ಯ. ಇಕೆ ಎಂಬ ಸ್ಲೊವೀನಿಯದ ಪ್ರಸಿದ್ಧ ತಯಾರಕರೇ ೨೦೧೭ರಲ್ಲಿ ಕಡಿಮೆ ಬೆಲೆಯ ಸಂಪೂರ್ಣ ಅಲ್ಯೂಮಿನಿಯಂ ಮಾಲೆಯೊಂದನ್ನು ತಂದಿದ್ದರು. ಎಲ್ಲ ಭಾಗಗಳೂ ಅದೇ ಲೋಹವಾದರೆ ಬಾಧಕವಿಲ್ಲ. ಅದರ ಒಂದು ಭಾಗವನ್ನು ತಾಮ್ರದ ಮಂಡಲಕ್ಕೆ ಬೆರೆಸುವುದರಲ್ಲಿದೆ ಅಪಾಯ. ಕೊಳ್ಳುವ ಮುನ್ನ ಬ್ಲಾಕಿನದು ಮಾತ್ರವಲ್ಲ, ರೇಡಿಯೇಟರಿನ ಲೋಹವನ್ನೂ ಕೇಳಿ ತಿಳಿಯತಕ್ಕದ್ದು. ತಾಮ್ರ, ಹಿತ್ತಾಳೆ, ನಿಕ್ಕಲ್ ಈ ಮೂರೂ ಹೊಂದಿಕೊಂಡು ಬಾಳುತ್ತವೆ.

ನಿಕ್ಕಲ್ ಲೇಪನದ ಮಾತು ಬಂದುದರಿಂದ ಒಂದು ಹೋಲಿಕೆ. ನಮ್ಮ ಹಿರಿಯರು ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದರು. ಹುಳಿ ಪದಾರ್ಥ ತಾಮ್ರವನ್ನು ಮುಟ್ಟಿ ಕಿಲುಬೆಬ್ಬಿಸದಿರಲೆಂದು. ಬ್ಲಾಕಿನ ನಿಕ್ಕಲ್ ಲೇಪನವೂ ಒಂದು ಬಗೆಯ ಕಲಾಯಿಯೇ. ಲೇಪನ ತೀರ ತೆಳುವಾದುದರಿಂದ ಉಷ್ಣವಹನದಲ್ಲಿ ಅದರಿಂದ ನಷ್ಟವೂ ಇಲ್ಲ, ಲಾಭವೂ ಇಲ್ಲ. ಬರಿಯ ತಾಮ್ರ ಕೆಲವು ತಿಂಗಳಲ್ಲಿ ಕಪ್ಪಾಗುತ್ತದೆ. ಕಪ್ಪಾದರೂ ಕೆಲಸ ಕೆಡದು. ದೇವರ ಕೋಣೆಯ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣಿನಿಂದ ಬೆಳಗುವಂತೆ ಬರಿಯ ತಾಮ್ರದ ಬ್ಲಾಕನ್ನೂ ಬಿಚ್ಚಿ ಹುಳಿ ಹಚ್ಚಿ ಬೆಳಗಿ ಚೆನ್ನಾಗಿ ತೊಳೆಯಬಹುದು. ನಿಕ್ಕಲ್ ಲೇಪಿಸಿದ ಬ್ಲಾಕಿಗೆ ಈ ಉಪಚಾರ ಕೂಡದು. ಲೇಪನ ಎದ್ದರೆ ಸಿಪ್ಪೆ ಕಾಲುವೆಗೆ ಸೇರುತ್ತದೆ. ಚಿಪ್ಪಿಗೂ ಬ್ಲಾಕಿಗೂ ನಡುವೆ ಗ್ಯಾಲಿಯಂ ಬೆರೆತ ದ್ರವಲೋಹವನ್ನು ಹಚ್ಚುವ ಸಾಹಸಿಗಳಿಗೆ ನಿಕ್ಕಲ್ ಅಗತ್ಯ, ಏಕೆಂದರೆ ಗ್ಯಾಲಿಯಂ ತಾಮ್ರದೊಳಕ್ಕೆ ಇಳಿಯುತ್ತದೆ, ಅಲ್ಯೂಮಿನಿಯಂ ಅನ್ನಂತೂ ಪುಡಿಮಾಡಿಬಿಡುತ್ತದೆ. ಸಾಧಾರಣ ಲೇಪವನ್ನು ಹಚ್ಚುವ ನಮ್ಮಂಥವರಿಗೆ ಬರಿಯ ತಾಮ್ರವೇ ಸಾಕೆಂದು ನಮ್ಮ ಮತ.

ಬ್ಲಾಕಿನ ಮೇಲ್ಮುಚ್ಚಳ ಪಾರದರ್ಶಕವಾದ ಅಕ್ರಿಲಿಕ್ಕಿನದೋ ಕಪ್ಪಾದ ಅಸಿಟಾಲಿನದೋ ಆಗಿರುತ್ತದೆ. ಅಕ್ರಿಲಿಕ್ಕಿನಲ್ಲಿ ಒಳಗಿನ ಹರಿವು ಕಾಣುತ್ತದೆ, ಕೊಳೆ ಸೇರಿದರೆ ಗೊತ್ತಾಗುತ್ತದೆ. ಆದರೆ ಜೋಡಣೆಯನ್ನು ಅತಿಯಾಗಿ ಬಿಗಿದರೆ ಬಿರುಕು ಬಿಡುತ್ತದೆ, ಸ್ಪಿರಿಟ್ಟಿನಿಂದ ಒರೆಸಿದರೂ ಬಿರುಕು ಬಿಡುತ್ತದೆ. ಅಸಿಟಾಲು ಗಟ್ಟಿ. ಹರಳುಬೆಳಕಿನ ಅಲಂಕಾರಕ್ಕೆ ಹಣ ಕೊಡುವುದು ಬಿಡುವುದು ಅವರವರ ಅಭಿರುಚಿ.

ಮುಖ್ಯ ಸಂಸ್ಕಾರಕದ ಬ್ಲಾಕನ್ನು ಆರಿಸುವಾಗ ನೋಡತಕ್ಕ ಮೊದಲನೆಯ ಸಂಗತಿ ಅದು ತಮ್ಮ ಯಂತ್ರದ ಸಾಕೆಟ್ಟಿಗೆ ಕೂಡುವುದೇ ಎಂಬುದು. ೨೦೨೧ರಲ್ಲಿ ಬಂದ ಇಂಟೆಲ್ಲಿನ ಎಲ್‌ಜಿಎ ೧೭೦೦, ೨೦೨೨ರಲ್ಲಿ ಬಂದ ಎಎಂಡಿಯ ಎಎಂ೫ ಇವೆರಡರ ತಿರುಪುಗಳ ಅಂತರ ಬೇರೆ ಬೇರೆ. ಒಳ್ಳೆಯ ತಯಾರಕರು ಪಟ್ಟಿಗಳನ್ನು ಬದಲಿಸಿ ಒಂದೇ ಬ್ಲಾಕನ್ನು ಹಲವು ಸಾಕೆಟ್ಟುಗಳಿಗೆ ಹೊಂದಿಸುವ ಅನುಕೂಲ ಕೊಡುತ್ತಾರೆ. ಅಂತಹುದನ್ನೇ ಆರಿಸಿದರೆ ಮುಂದಿನ ಯಂತ್ರಕ್ಕೂ ಅದು ಉಳಿಯುತ್ತದೆ. ಎರಡನೆಯದು ಶಾಖ ಹುಟ್ಟುವ ಸ್ಥಾನ. ಎಎಂಡಿಯ ರೈಜ಼ನ್ ಸಂಸ್ಕಾರಕಗಳಲ್ಲಿ ಮುಚ್ಚಳದ ಕೆಳಗೆ ಗಣಿಸುವ ತುಂಡುಗಳು ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿವೆ. ಆದ್ದರಿಂದ ಬ್ಲಾಕನ್ನು ಕೆಲವು ಮಿಲಿಮೀಟರು ಆ ಕಡೆಗೆ ಸರಿಸಿ ಕೂರಿಸುವ ಪಟ್ಟಿಗಳನ್ನು ಕೆಲವರು ಒದಗಿಸುತ್ತಾರೆ. ಬೆಲೆ ಅತ್ಯಲ್ಪ, ಪ್ರಯೋಜನ ಕಣ್ಣಿಗೆ ಕಾಣುವಷ್ಟು.

ಇಲ್ಲಿ ಒಂದು ಲೆಕ್ಕವನ್ನು ಕೊಡದೆ ಮುಂದೆ ಹೋಗುವಂತಿಲ್ಲ. ಅಡುಗೆಮನೆಯ ೨,೦೦೦ ವಾಟಿನ ಇಂಡಕ್ಷನ್ ಒಲೆಯ ಮೇಲೆ ೧೮ ಸೆಂಟಿಮೀಟರು ಅಡ್ಡಳತೆಯ ಪಾತ್ರೆಯನ್ನಿಟ್ಟರೆ ತಳದ ಒಂದು ಚದರ ಸೆಂಟಿಮೀಟರಿಗೆ ಬೀಳುವ ಶಕ್ತಿ ಸುಮಾರು ೮ ವಾಟ್. ರೈಜ಼ನ್ ೯ ೭೯೫೦ಎಕ್ಸ್ ಎಂಬ ಸಂಸ್ಕಾರಕ ೨೩೦ ವಾಟ್ ಸೆಳೆಯುವಾಗ, ಮುಕ್ಕಾಲು ಚದರ ಸೆಂಟಿಮೀಟರೂ ಇಲ್ಲದ ಅದರ ಒಂದೊಂದು ತುಂಡಿನಿಂದ ಹೊರಡುವ ಶಾಖ ಚದರ ಸೆಂಟಿಮೀಟರಿಗೆ ನೂರು ವಾಟಿಗೂ ಮಿಗಿಲು. ಒಲೆಗಿಂತ ಹತ್ತು ಪಾಲಿಗೂ ಹೆಚ್ಚು ಸಾಂದ್ರವಾದ ಶಾಖವಿದು. ಇದು ಚಿಪ್ಪಿನಿಂದ ಮುಚ್ಚಳಕ್ಕೆ, ಮುಚ್ಚಳದಿಂದ ಲೇಪಕ್ಕೆ, ಲೇಪದಿಂದ ಬ್ಲಾಕಿಗೆ ದಾಟಬೇಕು. ಇಕ್ಕಟ್ಟು ಇರುವುದು ಈ ದಾಟುವಿಕೆಯಲ್ಲಿಯೇ ಹೊರತು ನೀರಿನಲ್ಲಲ್ಲ. ನೀರು ೪೪ ಡಿಗ್ರಿಯಿದ್ದರೂ ಸಂಸ್ಕಾರಕ ೮೫ ಡಿಗ್ರಿಯನ್ನು ತೋರಿಸುವುದು ಇದರಿಂದ. ಅತ್ಯುತ್ತಮ ಬ್ಲಾಕಿಗೂ ಮಧ್ಯಮ ಬ್ಲಾಕಿಗೂ ಇಲ್ಲಿ ಕೆಲವೇ ಡಿಗ್ರಿಗಳ ವ್ಯತ್ಯಾಸ. ಮುಖ್ಯ ಸಂಸ್ಕಾರಕ ಒಂದಕ್ಕಾಗಿ ಮಾತ್ರ ನೀರನ್ನು ತರುವುದಾದರೆ, ಒಳ್ಳೆಯ ವಾಯುಶೀತಕವೊಂದು ಕೆಲವು ಸಾವಿರ ರೂಪಾಯಿಗಳಲ್ಲಿ ಬಹುಮಟ್ಟಿಗೆ ಅದೇ ಫಲವನ್ನು ಕೊಡುತ್ತದೆ ಎಂದು ನಿಸ್ಸಂಕೋಚವಾಗಿ ಹೇಳಬಹುದು.

ಗ್ರಾಫಿಕ್ಸ್ ಕಾರ್ಡಿನ ವಿಷಯ ಬೇರೆ. ಅಲ್ಲಿ ಚಿಪ್ಪಿನ ಮೇಲೆ ಮುಚ್ಚಳವಿಲ್ಲ. ಬ್ಲಾಕು ನೇರವಾಗಿ ಸಿಲಿಕಾನನ್ನೇ ಮುಟ್ಟುತ್ತದೆ. ಚಿಪ್ಪೂ ದೊಡ್ಡದು. ಎನ್ವಿಡಿಯದ ಆರ್‌ಟಿಎಕ್ಸ್ ೪೦೯೦ ಕಾರ್ಡಿನ ಚಿಪ್ಪು ಸುಮಾರು ೬ ಚದರ ಸೆಂಟಿಮೀಟರು, ಶಕ್ತಿ ೪೫೦ ವಾಟ್. ೨೦೨೫ರ ೫೦೯೦ ಕಾರ್ಡು ೫೭೫ ವಾಟನ್ನು ಬೇಡುತ್ತದೆ. ಇಷ್ಟು ಶಾಖವನ್ನು ಗಾಳಿಯಿಂದ ತೆಗೆಯಲು ಮೂರು ಫ್ಯಾನುಗಳು ಅರಚಬೇಕು; ಆ ಶಾಖವೆಲ್ಲ ಪೆಟ್ಟಿಗೆಯೊಳಕ್ಕೇ ಸುರಿದು ಉಳಿದ ಭಾಗಗಳನ್ನೂ ಕಾಯಿಸುತ್ತದೆ. ನೀರಿನ ಬ್ಲಾಕನ್ನು ಹಾಕಿದಾಗ ಚಿಪ್ಪು ನೀರಿಗಿಂತ ಹತ್ತು ಹದಿನೈದು ಡಿಗ್ರಿ ಮಾತ್ರ ಮೇಲಿರುತ್ತದೆ. ನೀರಿನ ನಿಜವಾದ ಪ್ರತಿಫಲ ಕಾಣುವುದು ಇಲ್ಲಿಯೇ. ತ್ರಿವಿಮ ಚಿತ್ರಣದಲ್ಲಿ ಅತಿ ಹೆಚ್ಚು ದುಡಿಯುವುದೂ ಈ ಕಾರ್ಡೇ.

ಆದರೆ ಖರ್ಚಿನ ದೃಷ್ಟಿಯಿಂದ ಎಚ್ಚರ ಬೇಕಾದುದೂ ಇಲ್ಲಿಯೇ. ಕಾರ್ಡಿನ ಸಂಪೂರ್ಣ ಮೈಯನ್ನು ಮುಚ್ಚುವ ಬ್ಲಾಕು ಆ ಒಂದು ಕಾರ್ಡಿನ ಹಲಗೆಗೆ ಅಳತೆಯಿಟ್ಟು ಹೊಲಿದ ಅಂಗಿಯಿದ್ದಂತೆ. ಚಿಪ್ಪಿನ ಹೆಸರು ಒಂದೇ ಆದರೂ ಬೇರೆ ಬೇರೆ ತಯಾರಕರ ಕಾರ್ಡುಗಳಲ್ಲಿ ಸ್ಮೃತಿಯ ತುಂಡುಗಳೂ ವಿದ್ಯುನ್ನಿಯಂತ್ರಕ ಭಾಗಗಳೂ ಬೇರೆ ಬೇರೆ ಕಡೆ ಇರುತ್ತವೆ. 'ಈ ಚಿಪ್ಪಿಗೆ' ಎಂದು ಬರೆದಿರುವುದನ್ನು ನಂಬಿ ಕೊಳ್ಳಬಾರದು. ಕಾರ್ಡಿನ ಪೂರ್ಣ ಹೆಸರು, ಸಾಧ್ಯವಾದರೆ ಹಲಗೆಯ ಮೇಲಣ ಸಂಖ್ಯೆ, ತಯಾರಕರ ಹೊಂದಾಣಿಕೆಯ ಪಟ್ಟಿಯಲ್ಲಿದೆಯೇ ಎಂದು ನೋಡತಕ್ಕದ್ದು. ಸ್ಮೃತಿಯ ಮೇಲೆ ಇಡುವ ಮೆತ್ತೆಗಳ ದಪ್ಪವೂ ಹೇಳಿದಷ್ಟೇ ಇರಬೇಕು. ದಪ್ಪ ಹೆಚ್ಚಾದರೆ ಬ್ಲಾಕು ಚಿಪ್ಪಿನಿಂದ ಮೇಲೆದ್ದು ನಿಲ್ಲುತ್ತದೆ, ಕಡಮೆಯಾದರೆ ಸ್ಮೃತಿ ಸುಡುತ್ತದೆ. ಕಾರ್ಡನ್ನು ಬದಲಿಸಿದ ದಿನ ಈ ಬ್ಲಾಕು ಹಳೆಯ ತಾಮ್ರದ ಬೆಲೆಗೆ ಇಳಿಯುತ್ತದೆ. ಮೂಲ ಶೀತಕವನ್ನು ಬಿಚ್ಚಿದರೆ ಕಾರ್ಡಿನ ಹೊಣೆಪತ್ರ ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಮೊದಲೇ ಓದಿಕೊಳ್ಳಬೇಕು. ಇದೆಲ್ಲ ಬೇಡವೆನ್ನುವವರಿಗೆ ಚಿಪ್ಪಿಗೆ ಮಾತ್ರ ಕೂರುವ ಸಣ್ಣ ಬ್ಲಾಕುಗಳುಂಟು. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಬದಲಿಸಲೂ ಬರುತ್ತವೆ. ಆದರೆ ೪೫೦ ವಾಟಿನ ಕಾರ್ಡುಗಳಲ್ಲಿ ಉಳಿದ ಭಾಗಗಳಿಗೆ ಪ್ರತ್ಯೇಕ ಗಾಳಿಯ ಏರ್ಪಾಡು ಬೇಕಾಗುವುದರಿಂದ ಅಂತಹ ಕಾರ್ಡಿಗೆ ನಾವು ಅವನ್ನು ಹೇಳಲಾರೆವು.

ಮೈಸೂರಿನ ಅಂಗಡಿಗಳಲ್ಲಿ ಬ್ಲಾಕುಗಳನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅವಕಾಶ ವಿರಳ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ಸ್ಲೊವೀನಿಯದ ಇಕೆ, ಜರ್ಮನಿಯ ಆಲ್ಫಕೂಲ್, ಚೀನದ ಬಿಕ್ಸ್‌ಕಿ ಮತ್ತು ಬ್ಯಾರೋ ಈ ಹೆಸರುಗಳು ಹೆಚ್ಚಾಗಿ ಎದುರಾಗುತ್ತವೆ. ಚೀನದ ಬ್ಲಾಕುಗಳು ಅಗ್ಗವೆಂದೇ ತಿರಸ್ಕರಿಸಬೇಕಾಗಿಲ್ಲ. ಜೋಡಣೆಯ ಬಾಯಿಗಳ ತಿರುಪು ಬಹುಮಟ್ಟಿಗೆ ಎಲ್ಲ ತಯಾರಕರಲ್ಲಿಯೂ ಕಾಲಂಗುಲದ ಒಂದೇ ಜಿ ಮಾದರಿಯಾದುದರಿಂದ ಒಬ್ಬರ ಬ್ಲಾಕಿಗೆ ಇನ್ನೊಬ್ಬರ ಜೋಡಣೆ ಕೂಡುತ್ತದೆ. ರಬ್ಬರಿನ ಬಳೆಗಳನ್ನು ಮಾತ್ರ ಒಂದೆರಡು ಹೆಚ್ಚಾಗಿ ತರಿಸಿಟ್ಟುಕೊಳ್ಳುವುದು ಮೇಲು. ಒಂದು ಬಳೆಗಾಗಿ ಎರಡು ವಾರ ಕಾಯಬೇಕಾಗುವ ಊರು ನಮ್ಮದು.

ರೇಡಿಯೇಟರಿನ ಗಾತ್ರಕ್ಕೆ ಬಳಕೆದಾರರ ಸ್ಥೂಲ ಲೆಕ್ಕವೊಂದಿದೆ. ನೀರು ಕೋಣೆಗಿಂತ ಹತ್ತು ಡಿಗ್ರಿ ಮೇಲಿರಲು ೧೨೦ ಮಿಲಿಮೀಟರಿನ ಒಂದೊಂದು ಫ್ಯಾನಿನ ತಾಣಕ್ಕೆ ೧೦೦ ವಾಟ್. ೭೦೦ ವಾಟಿನ ಯಂತ್ರಕ್ಕೆ ಏಳು ತಾಣಗಳು ಬೇಕೆಂದಾಯಿತು. ಹದಿನೈದು ಡಿಗ್ರಿಗೆ ಒಪ್ಪಿದರೆ ಐದು ಸಾಕು. ಆದರೆ ೩೫ ಡಿಗ್ರಿಯ ಕೋಣೆಯಲ್ಲಿ ಆಗ ನೀರು ೫೦ ಡಿಗ್ರಿಯನ್ನು ಮುಟ್ಟುತ್ತದೆ. ಪೆಟ್‌ಜಿ ಎಂಬ ಗಟ್ಟಿ ಕೊಳವೆ ೬೦ ಡಿಗ್ರಿಯ ಆಚೆಗೆ ಮೆತ್ತಗಾಗತೊಡಗುತ್ತದೆ. ಯೂರೋಪಿನ ಚಳಿದೇಶದವರು ಬರೆದ ಸಲಹೆಗಳನ್ನು ಓದಿ ಇಲ್ಲಿ ರೇಡಿಯೇಟರು ಕೊಳ್ಳುವವರು ತಮ್ಮ ಕೋಣೆಯ ಉಷ್ಣತೆಯನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ರೇಡಿಯೇಟರಿಗಾಗಿ ಹೆಚ್ಚು, ಬ್ಲಾಕಿನ ಅಲಂಕಾರಕ್ಕಾಗಿ ಕಡಿಮೆ ಖರ್ಚುಮಾಡುವುದು ಮೈಸೂರಿನ ಹವೆಗೆ ಸರಿಯಾದ ಹಂಚಿಕೆಯೆಂದು ತೋರುತ್ತದೆ.

ಇನ್ನು ನೀರು. ನಗರಕ್ಕೆ ಕಾವೇರಿ, ಕಬಿನಿಗಳ ನೀರು ಬರುತ್ತದೆ, ಹಲವು ಮನೆಗಳಲ್ಲಿ ಕೊಳವೆಬಾವಿಯೂ ಇದೆ. ಕೊಳವೆಬಾವಿಯ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವನ್ನು ನೋಡಿದವರು ಅದನ್ನು ಬ್ಲಾಕಿನ ಕಾಲುವೆಗಳಿಗೆ ಹರಿಸಲಾರರು. ನದಿಯ ನೀರು ಮೆದುವಾದರೂ ಲವಣವೂ ಜೀವಾಣುವೂ ಇಲ್ಲದ ನೀರಲ್ಲ. ಭಟ್ಟಿಯಿಳಿಸಿದ ನೀರನ್ನೇ ಉಪಯೋಗಿಸತಕ್ಕದ್ದು. ಪೆಟ್ರೋಲ್ ಬಂಕುಗಳಲ್ಲಿ ಬ್ಯಾಟರಿಗೆಂದು ಮಾರುವ ನೀರಿನ ಶುದ್ಧಿ ಒಂದೇ ಸಮನಾಗಿರುವುದಿಲ್ಲ. ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮಿತ್ರರಲ್ಲಿ ಎರಡು ಲೀಟರು ಕೇಳಿ ಪಡೆಯುವುದು ಅದಕ್ಕಿಂತ ಉತ್ತಮ. ಅದಕ್ಕೆ ತುಕ್ಕುನಿರೋಧಕವೂ ಪಾಚಿನಾಶಕವೂ ಸೇರಿದ ಸಾರವನ್ನು ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಬಣ್ಣದ ದ್ರವಗಳು, ಅದರಲ್ಲಿಯೂ ಹಾಲಿನಂತೆ ಕಾಣುವಂಥವು, ಕಣಗಳನ್ನು ಹೊತ್ತಿರುವುದರಿಂದ ಎಸಳುಗಳ ನಡುವೆ ಗಸಿ ಕಟ್ಟುತ್ತವೆ. ನಾವು ಮೇಲೆ ಹೇಳಿದ ತೂಬಿನ ಹೂಳು ಇದೇ. ಶುದ್ಧ ಜಲ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ ಸೋರಿದರೂ ಭಯವಿಲ್ಲವೆಂದು ಕೆಲವರು ವಾದಿಸುತ್ತಾರೆ. ಕೆಲವು ದಿನ ಲೋಹದ ಸಹವಾಸವಾದ ಮೇಲೆ ಅದು ಶುದ್ಧಜಲವಾಗಿ ಉಳಿಯುವುದೇ ಇಲ್ಲ. ಹಲಗೆಯ ಮೇಲಣ ಧೂಳು ಬೆರೆತರಂತೂ ಕೇಳಬೇಕಾಗಿಲ್ಲ.

ಸೋರಿಕೆಯೇ ಈ ಪದ್ಧತಿಯ ದೊಡ್ಡ ಅಪಾಯ, ಅದು ನಮ್ಮ ಕೆಲಸದವರಿಗೆ ಉಳಿದವರಿಗಿಂತ ಹೆಚ್ಚು. ಆಟಕ್ಕಾಗಿ ಯಂತ್ರ ಕಟ್ಟಿಕೊಂಡವರು ಸೋರಿಕೆಯಿಂದ ಹಣ ಕಳೆದುಕೊಳ್ಳುತ್ತಾರೆ. ಹಣವನ್ನು ಮತ್ತೆ ಸಂಪಾದಿಸಬಹುದು. ರಸ್ತೆಯ ಅಗಲೀಕರಣದಲ್ಲಿ ಹುಡಿಯಾದ ಮಾಸ್ತಿಗಲ್ಲಿನ ನಾನೂರು ಚಿತ್ರಗಳು ಆ ಯಂತ್ರದೊಳಗೆ ಮಾತ್ರ ಇದ್ದರೆ ಅವುಗಳನ್ನು ಮತ್ತೆ ತೆಗೆಯಲು ಕಲ್ಲೇ ಇರುವುದಿಲ್ಲ. ಆದ್ದರಿಂದ ಜಲಮಂಡಲವನ್ನು ಕಟ್ಟುವವರು ಬ್ಲಾಕನ್ನು ಕೊಳ್ಳುವ ಮೊದಲು ಕೊಳ್ಳಬೇಕಾದುದು ಹೊರಗಿಡುವ ಎರಡು ಸಂಗ್ರಹ ತಟ್ಟೆಗಳನ್ನು. ಒಂದು ಮನೆಯಲ್ಲಿ, ಒಂದು ವಿಭಾಗದಲ್ಲಿ. ಇದಕ್ಕೆ ಹಣ ಸಾಲದಿದ್ದರೆ ನೀರಿನ ಯೋಚನೆಯನ್ನು ಆ ವರ್ಷ ಕೈಬಿಡುವುದೇ ಲೇಸು. ಪಂಪು, ರೇಡಿಯೇಟರು, ಎರಡು ಬ್ಲಾಕು, ಜೋಡಣೆಗಳು ಸೇರಿ ಮಂಡಲದ ಖರ್ಚು ಅರ್ಧ ಲಕ್ಷ ರೂಪಾಯಿಯನ್ನು ಸುಲಭವಾಗಿ ಮುಟ್ಟುತ್ತದೆ. ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವ ನಮ್ಮ ಸಹೋದ್ಯೋಗಿಗಳಿಗೆ ಅದು ಚಿಕ್ಕ ಮೊತ್ತವಲ್ಲ. ಕಾರ್ಡಿನ ಶಕ್ತಿಯ ಮಿತಿಯನ್ನು ತಂತ್ರಾಂಶದಲ್ಲಿಯೇ ಕಾಲುಭಾಗ ತಗ್ಗಿಸಿದರೆ ಕೆಲಸ ಅಷ್ಟೇನೂ ನಿಧಾನವಾಗದು, ಶಾಖ ಬಹಳ ಇಳಿಯುತ್ತದೆ. ಒಂದು ಕಾಸೂ ಖರ್ಚಿಲ್ಲದ ಈ ಉಪಾಯವನ್ನು ಮೊದಲು ಪರೀಕ್ಷಿಸದೆ ನೀರಿಗೆ ಇಳಿಯುವುದು ನಮಗೆ ಸರಿಕಾಣದು.

ಅದಾದ ಮೇಲೂ ನೀರೇ ಬೇಕೆಂದು ನಿಶ್ಚಯಿಸಿದವರು, ಮಂಡಲವನ್ನು ಜೋಡಿಸಿದ ಬಳಿಕ ನೀರು ತುಂಬುವ ಮೊದಲು ಕೈಪಂಪಿನಿಂದ ಅರ್ಧ ಬಾರಿನಷ್ಟು ಗಾಳಿಯೊತ್ತಡ ಕೊಟ್ಟು ಮಾಪಕದ ಮುಳ್ಳು ಅರ್ಧ ಗಂಟೆ 'ಅಲುಗದೆ' ನಿಲ್ಲುವುದೇ ಎಂದು ನೋಡಬೇಕು. ಅನಂತರ ಉಳಿದ ಭಾಗಗಳಿಗೆ ವಿದ್ಯುತ್ತು ಕೊಡದೆ ಪಂಪನ್ನು ಮಾತ್ರ ಒಂದು ಹಗಲು ಒಂದು ರಾತ್ರಿ ಓಡಿಸಿ, ಪ್ರತಿಯೊಂದು ಜೋಡಣೆಯ ಕೆಳಗೂ ಒಣ ಕಾಗದವನ್ನಿಟ್ಟು ಪರೀಕ್ಷಿಸಬೇಕು. ಹೊಸ ರೇಡಿಯೇಟರಿನೊಳಗೆ ಬೆಸುಗೆಯ ಅವಶೇಷಗಳು ಉಳಿದಿರುವುದರಿಂದ ಅದನ್ನು ಬಿಸಿನೀರಿನಲ್ಲಿ ಹಲವು ಸಲ ಕುಲುಕಿ, ಕೊನೆಗೆ ಭಟ್ಟಿಯಿಳಿಸಿದ ನೀರಿನಿಂದ ತೊಳೆದೇ ಜೋಡಿಸತಕ್ಕದ್ದು. ವಿದ್ಯುತ್ತು ಹೋದಾಗ ಯಂತ್ರವೂ ಪಂಪೂ ಒಟ್ಟಿಗೆ ನಿಲ್ಲುವುದರಿಂದ ಹಾನಿಯಿಲ್ಲ. ಪಂಪಿಗೆ ಬೇರೆ ಕಡೆಯಿಂದ ವಿದ್ಯುತ್ತು ಕೊಟ್ಟವರು ಮಾತ್ರ ಎರಡನ್ನೂ ಒಂದೇ ಯುಪಿಎಸ್ಸಿಗೆ ಸೇರಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ, ಮಾರ್ಚಿನ ಬಿಸಿಲು ಬಲಿಯುವ ಮೊದಲು, ನೀರನ್ನು ಬಸಿದು, ಮುಖ್ಯ ಬ್ಲಾಕಿನ ಮುಚ್ಚಳ ತೆಗೆದು, ಎಸಳುಗಳ ನಡುವಣ ಕೊಳೆಯನ್ನು ಹಳೆಯ ಹಲ್ಲುಜ್ಜುವ ಕುಂಚದಿಂದ ಉಜ್ಜಿ, ಹೊಸ ನೀರನ್ನು ತುಂಬಿಸಿದರೆ ಮುಂದಿನ ವರ್ಷದ ಕೆಲಸಕ್ಕೆ ಯಂತ್ರ ಸಿದ್ಧವಾಗುತ್ತದೆ.